ಕಾಡವ್ವನ ಕಟ್ಟೆಯ ಕಟಾಂಜನ

"ಮಳಿಗೆ ಕೊಳೀಬಾರದು, ಬಿಸಲಿಗೆ ಸೀಳಬಾರದು, ಹಿಡದ್ರ ಕೈ ಸುಡಬಾರದು. ಅಂಥಾದ್ದು ಏನೈತಿ ಈ ಭೂಮಿ ಮ್ಯಾಲ?"

ಲಗಮಪ್ಪ ಮಾಸ್ತರರು ಈ ಪ್ರಶ್ನೆಯನ್ನು ಯಾರಿಗೂ ಕೇಳಿರಲಿಲ್ಲ. ಅಂಗಳದಲ್ಲಿ ಒಬ್ಬರೇ ನಿಂತು, ಸೊಂಟದ ಮೇಲೆ ಕೈಯಿಟ್ಟುಕೊಂಡು, ತಮ್ಮ ಮನೆಯ ಕಟ್ಟೆಯನ್ನೇ ನೋಡುತ್ತ ಗಾಳಿಗೆ ಕೇಳಿದ್ದರು. ಗಾಳಿ ಸುಮ್ಮನಿತ್ತು. ಉತ್ತರ ಬಂದದ್ದು ಹೊಸ್ತಿಲ ಒಳಗಿನಿಂದ.

"ನನ್ನ ನಾಲಿಗಿ ಐತಲ್ಲೋ ಲಗಮಾ," ಅಂದಳು ತಾಯಿ ಕಾಡವ್ವ. "ಎಷ್ಟ ಮಳಿ ಕಂಡೈತಿ, ಕೊಳತಿಲ್ಲ. ಎಷ್ಟ ಬಿಸಲ ಕಂಡೈತಿ, ಸೀಳಿಲ್ಲ."

"ಸುಡಂಗಿಲ್ಲ ಅಂತ ಮಾತ್ರ ಹೇಳಬ್ಯಾಡ್ರಿ ಅತ್ತಿ," ಅಂದಳು ಸೊಸೆ ದುರ್ಗಾ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ.

ಸವದತ್ತಿಯ ಹೊಸ ಬಡಾವಣೆಯ ಇಳಿಜಾರಿನಲ್ಲಿ ಅವರ ಮನೆ. ಅಗೆಯುವಾಗ ಬಂಡೆ ಹತ್ತಿದ್ದರಿಂದ ಪಾಯ ಎತ್ತರವಾಯಿತು, ಪಾಯ ಎತ್ತರವಾದದ್ದರಿಂದ ಮುಂದಿನ ಕಟ್ಟೆಯೂ ಎದೆಯೆತ್ತರಕ್ಕೆ ಬಂತು. ಆ ಎತ್ತರವೇ ಕಾಡವ್ವನಿಗೆ ಸಿಂಹಾಸನವಾಗಿತ್ತು. ಸಂಜೆ ಬಿಸಿಲು ತುಸು ಇಳಿಯಿತೆಂದರೆ ಸಾಕು, ಕಂಬಳಿ ಮಡಿಚಿ ಹಾಕಿಕೊಂಡು ಕಟ್ಟೆಯ ಅಂಚಿಗೆ ಕೂತುಬಿಡುವಳು. ಎಲ್ಲಮ್ಮನ ಗುಡ್ಡಕ್ಕೆ ಹೋಗುವ ಬಸ್ಸು, ಸಂತೆಯಿಂದ ಬರುವ ಹೆಂಗಸರು, ಸಾಲೆ ಬಿಟ್ಟ ಮಕ್ಕಳು, ಯಾರೂ ಅವಳಿಗೆ ಒಂದು ಮಾತಿನ ಸುಂಕ ಕೊಡದೆ ಮುಂದೆ ಹೋಗುವಂತಿರಲಿಲ್ಲ. ಮಾತು ತೀರಿದರೆ ಹಾಡು. ಬೀಸುವ ಪದ, ಕುಟ್ಟುವ ಪದ, ಮದುವೆಯ ಪದ, ಮಗು ಮಲಗಿಸುವ ಪದ. ರಾಮದುರ್ಗ ತಾಲೂಕಿನ ಸಾಲಹಳ್ಳಿಯಿಂದ ಬರುವಾಗ ಅವಳು ತಂದದ್ದು ಇದೊಂದೇ ಆಸ್ತಿ. ಅದನ್ನು ಇಡಲು ಪೆಟ್ಟಿಗೆ ಬೇಕಾಗಿರಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಸಂಜೆ ಗುಡ್ಡಕ್ಕೆ ಹೊರಟ ಹೆಣ್ಣುಮಕ್ಕಳ ಟ್ರ್ಯಾಕ್ಟರೊಂದು ಹಾಡುತ್ತ ಹೋಯಿತು. ಹಾಡಿನಲ್ಲಿ ಒಂದು ನುಡಿ ತಪ್ಪಿತು. ಅದನ್ನು ತಿದ್ದಲೆಂದು ಕಾಡವ್ವ ಎದ್ದಳು; ಕೂಗುತ್ತ ಹೆಜ್ಜೆ ಮುಂದಿಟ್ಟಳು. ಹಾಡು ಇನ್ನೂ ಇತ್ತು, ಕಟ್ಟೆ ಮುಗಿದುಹೋಗಿತ್ತು.

ಬಿದ್ದದ್ದು ದುರ್ಗಾಳ ಕನಕಾಂಬರದ ಗಿಡಗಳ ಮೇಲೆ. ಗಿಡಗಳು ಹೋದವು, ಮುದುಕಿ ಉಳಿದಳು. ಬಿದ್ದಲ್ಲಿಂದಲೇ ತಪ್ಪಿದ ನುಡಿಯನ್ನು ಪೂರ್ತಿ ಮಾಡಿದಳೆಂದು ಎದುರು ಮನೆಯ ಗಂಗೂಬಾಯಿ ಇಂದಿಗೂ ಹೇಳುತ್ತಾಳೆ. ಮುಂಗೈ ಉಳುಕಿತ್ತು, ಪಟ್ಟಿ ಕಟ್ಟಿಸಿಕೊಂಡು ಬಂದ ಮರುದಿನವೇ ಕಾಡವ್ವ ಕಂಬಳಿ ಹುಡುಕಿದಳು. ಆದರೆ ಕಂಬಳಿ ಮಗನ ಕಂಕುಳಲ್ಲಿತ್ತು.

"ಇಲ್ಲವ್ವಾ. ಕಟ್ಟಿ ಅಂಚಿಗೆ ಅಡ್ಡ ಕಟಾಂಜನ ಹಾಕಸೂತನಾ ನೀ ಹೊಸಲಾ ದಾಟೂಹಂಗಿಲ್ಲ."

"ನಿನ್ನಿ ಬಿದ್ದಾಕಿ ಇವತ್ತೂ ಬೀಳತಾಳನೋ?"

"ಪಕ್ಕದಾಗ ಪೇಪರ್ ಓದಕೋಂತ ನಾನ ಕುಂತಿದ್ನಿ. ಕೈ ಚಾಚಿದ್ರ ಸಿಗತಿದ್ದಿ. ಚಾಚಾಕಾಗಲಿಲ್ಲ," ಅಂದರು ಮಾಸ್ತರರು. ಹೇಳುತ್ತ ಕಂಬಳಿಯನ್ನು ಇನ್ನಷ್ಟು ಅವುಚಿಕೊಂಡರು. ಕಾಡವ್ವ ಮುಂದೆ ವಾದಿಸಲಿಲ್ಲ. ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು ಕೂತಳು. ಅಲ್ಲಿಂದ ಬೀದಿ ಕಾಣುವುದು ಒಂದು ಗೇಣು. ಬಸ್ಸಿನ ನೆತ್ತಿ, ಹೆಂಗಸರ ಬುಟ್ಟಿ, ಅಷ್ಟೇ.

ಇಷ್ಟಕ್ಕೆ ಒಂದು ವಾರದಲ್ಲಿ ಕಟಾಂಜನ ಏಳಬೇಕಿತ್ತು. ಬೇರೆ ಯಾರ ಮನೆಯಲ್ಲಾದರೂ ಏಳುತ್ತಿತ್ತು. ಆದರೆ ಲಗಮಪ್ಪ ಮಾಸ್ತರರು ರಾಮದುರ್ಗದ ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೂ ವಿಜ್ಞಾನ ಕಲಿಸಿದವರು. ಅವರ ಪಡಸಾಲೆಯಲ್ಲಿ ಬಾಬಾಸಾಹೇಬರ ಪಟವಿತ್ತು, ಪಕ್ಕದಲ್ಲಿ ಬುದ್ಧನ ಪಟವಿತ್ತು. ಯಾರೋ ಹೇಳಿದರೆಂದು ನಂಬಬೇಡ, ಪರೀಕ್ಷಿಸಿ ನೋಡಿ ನಂಬು ಅನ್ನುವುದು ಅವರಿಗೆ ಪಾಠವೂ ಹೌದು, ಪ್ರಾರ್ಥನೆಯೂ ಹೌದು. ತಾಯಿ ಆತುಕೊಳ್ಳುವ ಕಟಾಂಜನ ಒಂದು ದಿನವೂ ಸುಳ್ಳು ಹೇಳಬಾರದು. ತಮ್ಮ ನಂತರವೂ ಅದು ನಿಂತಿರಬೇಕು.

ಬೈಲಹೊಂಗಲಕ್ಕೆ ಹೋದರು. ವೆಲ್ಡಿಂಗ್ ಅಂಗಡಿಯ ಕಲ್ಮೇಶ ಅವರ ಹಳೆಯ ವಿದ್ಯಾರ್ಥಿ. "ರೇಲಿಂಗ್ ಅಲ್ಲೇನ್ರಿ ಸರ್? ಕಣ್ಣ ಮುಚ್ಚಿ ಸ್ಟೀಲ್ ಹಾಕ್ರಿ. ತುಕ್ಕ ಅನ್ನೂ ಶಬ್ದನ ಗೊತ್ತಿಲ್ಲ ಅದಕ್ಕ," ಅಂದ. ಅಲ್ಲೇ ಕಟ್ಟಿಗೆ ಅಡ್ಡೆಯವನು ಸಾಗವಾನಿಯ ಮೇಲೆ ಕೈ ಆಡಿಸಿ, "ಇದು ಮೊಮ್ಮಗನ ಮದವಿತನಕ ಇರತೈತ್ರಿ," ಅಂದ. ಯಾರ ಮೊಮ್ಮಗ ಅನ್ನುವುದನ್ನು ಹೇಳಲಿಲ್ಲ. ಎಂ.ಕೆ. ಹುಬ್ಬಳ್ಳಿಗೆ ಹೋದರೆ ಕಬ್ಬಿನ ಟ್ರೇಲರ್ ರಿಪೇರಿ ಮಾಡುವವನೊಬ್ಬ ಹಳೆಯ ಕಬ್ಬಿಣದ ಪಟ್ಟಿ ಎತ್ತಿ ತೋರಿಸಿದ: "ಹಂಗಾಮಿಗೆ ಎಷ್ಟ ಕಬ್ಬ ಹೊತ್ತೈತಿ ಇದು. ನಿಮ್ಮವ್ವನ್ನ ಹೊರಂಗಿಲ್ಲೇನ್ರಿ?" ಸಾಲಹಳ್ಳಿಯಲ್ಲಿ ಚಕ್ಕಡಿ ಮಾಡುವ ಮುದಕಪ್ಪ, ಕೆರೆಯ ನೀರಲ್ಲಿ ತಿಂಗಳುಗಟ್ಟಲೆ ನೆನೆಹಾಕಿ ಒಣಗಿಸಿದ ಜಾಲಿಯ ತುಂಡೊಂದನ್ನು ಕೊಟ್ಟು, "ಕಾಡವ್ವಗ ಹೇಳ್ರಿ, ಆಕಿ ಬೈಗಳ ಕೇಳಿ ಬೆಳದ ಗಿಡ ಇದು, ಭಾಳ ಗಟ್ಟಿ ಐತಿ ಅಂತ," ಅಂದ. ಕಲ್ಲಿನ ಗಣಿಯವನಂತೂ ಮಾತೇ ಆಡಲಿಲ್ಲ. ಗುಡ್ಡದ ಕಡೆ ಕೈ ತೋರಿಸಿ ನಕ್ಕ.

ಎಲ್ಲರೂ ಆಣೆ ಮಾಡಿ ಹೇಳಿದವರೇ, ನೋಡಿ ಹೇಳಿದವರು ಯಾರೂ ಇರಲಿಲ್ಲ. ಮಾಸ್ತರರು ನಿಶ್ಚಯ ಮಾಡಿದರು: ಪ್ರಯೋಗ. ಮಿರಗದ ಮಳೆ ಹಿಡಿಯುವ ಮುನ್ನ ಐದು ತುಂಡುಗಳನ್ನು ಅಂಗಳದಲ್ಲಿ ಸಾಲಾಗಿ ನೆಟ್ಟರು. ಸಾಗವಾನಿ, ಜಾಲಿ, ಕಬ್ಬಿಣ, ಸ್ಟೀಲು, ಕಲ್ಲು. ಬಣ್ಣವಿಲ್ಲ, ಪಾಲಿಶ್ ಇಲ್ಲ, ಬರೀ ಮೈ. ಒಂದು ಮಳೆಗಾಲ ಪೂರ್ತಿ ತೋಯಲಿ, ದಸರೆಯ ಬಿಸಿಲು ಕಾಯಲಿ. ಯಾವುದು ಹೇಗಿದೆ ನೋಡಿ ಕಟಾಂಜನ.

"ಅಂದ್ರ ದೀಪಾವಳಿತನಕ ನಾ ಒಳಗ?" ಕಾಡವ್ವ ಕೇಳಿದಳು.

"ಒಂದ ಮಳಿಗಾಲ ಅಷ್ಟ ಅವ್ವಾ."

"ಧರ್ಮರಾಯಗ ವನವಾಸ ಹಾಕಿದವರೂ ಅಷ್ಟ ಅಂತನ ಅಂದಿದ್ರು," ಅಂದಳು ಮುದುಕಿ.

ವನವಾಸದ ಆ ಮಾತು ಎದುರು ಮನೆಯ ಅಂಗಳದಲ್ಲಿ ಹೂ ಬಿಡಿಸುತ್ತಿದ್ದ ಗಂಗೂಬಾಯಿಯ ಕಿವಿಗೆ ಬಿತ್ತು. ಅವಳ ಗಂಡ ತ್ರ್ಯಂಬಕರಾಯರು ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು. ತಮ್ಮ ಮನೆಗೆ ಪೇಪರ್ ತರಿಸದೆ ಮಾಸ್ತರರ ಪೇಪರ್ ಓದಲು ದಿನಾ ಬರುವವರು. ಗಂಗೂಬಾಯಿ ಹೂಬುಟ್ಟಿ ಹಿಡಿದು ಬಂದು ಐದು ಕಂಬಗಳ ಮುಂದೆ ನಿಂತಳು.

"ಹೌದಲ್ರೀ ಕಾಡವ್ವ! ಐದು ಮಂದಿ ಸಾಲಾಗಿ ನಿಂತಾರ. ಇದು ಅಲ್ಲಾಡೂದಿಲ್ಲ, ಮಾತಾಡೂದಿಲ್ಲ, ಕಲ್ಲು. ಧರ್ಮರಾಯ. ಈ ದಪ್ಪಂದು ಗಂಟು ಗಂಟು ಜಾಲಿ ಭೀಮಸೇನ. ಮಿಂಚೂದು ಅರ್ಜುನ. ಉಳಿದ ಇಬ್ಬರು ನಕುಲ ಸಹದೇವ."

"ಪಾಂಚಾಳಿ ಎಲ್ರಿ ಮತ್ತ?" ದುರ್ಗಾ ಕೇಳಿದಳು.

"ಪಾಂಚಾಳಿನ್ನ ಹೊರಗ ಬಿಡಂಗಿಲ್ಲ ನನ್ನ ಮಗ," ಅಂದಳು ಹೊಸ್ತಿಲ ಒಳಗಿನಿಂದ ಕಾಡವ್ವ. ಮೂವರೂ ನಕ್ಕ ನಗೆಗೆ ಕಂಪೌಂಡಿನ ಮೇಲಿದ್ದ ಗುಬ್ಬಿಗಳು ಹಾರಿದವು.

ಮರುದಿನ ಬೆಳಿಗ್ಗೆ ಮಾಸ್ತರರು ಕೋಟೆಯ ಕಡೆ ವಾಯುಸೇವನೆ ಮುಗಿಸಿ ಬಂದು ನೋಡುತ್ತಾರೆ, ಐದೂ ಕಂಬಗಳ ಹಣೆಗೆ ಕುಂಕುಮ! ಮಾಸ್ತರರು ಹಣೆ ಹಣೆ ಬಡಿದುಕೊಂಡರು.

"ವೈನಿ, ಇದು ಪ್ರಯೋಗರಿ, ಪೂಜಿ ಅಲ್ಲ. ಒಂದಕ್ಕ ಏನರ ಹಚ್ಚಿದ್ರ ಪರೀಕ್ಷಾ ಕೆಡತೈತಿ. ಕುಂಕುಮ ಬ್ಯಾಡ, ಅರಿಷಿಣ ಬ್ಯಾಡ, ಹೂವು ಬ್ಯಾಡ. ಕೈ ಮುಗೀತೀನಿ."

"ಕುಂಕುಮ ಬ್ಯಾಡಂದ್ರ ಬ್ಯಾಡ ಬಿಡ್ರೀ," ಅಂದಳು ಗಂಗೂಬಾಯಿ, ಕೆನ್ನೆ ಕೆನ್ನೆ ಬಡಿದುಕೊಂಡು. ಒರೆಸಿಯೂ ಕೊಟ್ಟಳು. ಅಂದಿನಿಂದ ಕಂಬಗಳ ಮೇಲೆ ಒಂದು ಬೊಟ್ಟೂ ಕಾಣಲಿಲ್ಲ. ಮಾಸ್ತರರು ನಿಶ್ಚಿಂತರಾದರು.

ಆ ವರ್ಷ ಮಳೆಗೆ ಕೈ ಧಾರಾಳ. ಮಿರಗ ಬಂತು, ಆರಿದ್ರಿ ಬಂತು. ಗುಡ್ಡ ಹಸಿರಾಯಿತು, ಅಂಗಳದಲ್ಲಿ ನೀರು ಹರಿಯಿತು, ಐವರೂ ನೆನೆದು ನಿಂತರು. ಮಾಸ್ತರರು ದಿನವೂ ಕಿಟಕಿಯಿಂದ ನೋಡುವರು, ಹತ್ತಿರ ಹೋಗುವುದಿಲ್ಲ. ಮುಟ್ಟಿದರೆ ಫಲ ಕೆಡುತ್ತದೆಂಬ ನಿಯಮ ಅವರದೇ. ಪಂಚಮಿಯಲ್ಲಿ ಜೋಕಾಲಿ ಕಟ್ಟಿದ ಹುಡುಗಿಯರ ನಗೆ ಬೀದಿಯ ಆಚೆಯಿಂದ ಕೇಳುತ್ತಿತ್ತು. ಕಾಡವ್ವ ಮಣೆಯ ಮೇಲೆ ಕೂತಲ್ಲೇ ಮುಂದೆ ಹಿಂದೆ ತೂಗುತ್ತಿದ್ದಳು. ಅದನ್ನು ಕಂಡು ಮಾಸ್ತರರು ಗೋಡೆಯ ಕ್ಯಾಲೆಂಡರ್ ತಿರುವಿದರು. ಇನ್ನೇನು, ದೀಪಾವಳಿ ಬಂದೇಬಿಟ್ಟಿತು ಎಂದು ತಮಗೆ ತಾವೇ ಹೇಳಿಕೊಂಡರು.

ಬನ್ನಿ ಹಂಚಿ ಮುಗಿದು, ಬಿಸಿಲು ಕಾದು, ದೀಪಾವಳಿ ಹತ್ತಿರವಾದಾಗ ಪರೀಕ್ಷೆಯ ದಿನ ಗೊತ್ತಾಯಿತು. ಸಾಕ್ಷಿಗೆ ತ್ರ್ಯಂಬಕರಾಯರು, ಅವರ ಬೆನ್ನಿಗೆ ಗಂಗೂಬಾಯಿ, ಅಭಿಪ್ರಾಯಕ್ಕೆ ಬೈಲಹೊಂಗಲದಿಂದ ಮೋಟಾರ್ ಸೈಕಲ್ ಮೇಲೆ ಕಲ್ಮೇಶ. ದುರ್ಗಾ ಚಹಾ ತಂದಳು. ಕಾಡವ್ವ ಹೊಸ್ತಿಲಲ್ಲಿ ಕತ್ತು ಉದ್ದ ಮಾಡಿದಳು.

ಮಾಸ್ತರರು ಕನ್ನಡಕ ಏರಿಸಿ ಒಂದೊಂದನ್ನೇ ನೋಡಿದರು. ಸಾಗವಾನಿ, ನಿನ್ನೆ ಕೊಯ್ದಂತೆ. ಜಾಲಿ, ಒಂದು ಬಿರುಕಿಲ್ಲ. ಸ್ಟೀಲು, ಕಲ್ಲು ಬಿಡಿ. ಆದರೆ ಕಬ್ಬಿಣ? ಬಣ್ಣವಿಲ್ಲದ, ಬರಿಮೈಯ ಕಬ್ಬಿಣ, ಆ ಮಳೆಯಲ್ಲಿ ನಿಂತದ್ದು, ಒಂದು ಚುಕ್ಕೆ ತುಕ್ಕಿಲ್ಲದೆ ಕರ್ರಗೆ ಮಿರಮಿರ ಮಿರುಗುತ್ತಿತ್ತು.

ಕಲ್ಮೇಶ ಬಾಯಿ ತೆರೆದ. "ಸರ್, ನಮ್ಮ ಅಂಗಡಿ ಮುಂದ ಬಿದ್ದ ಕಬ್ಬಿಣ ಒಂದ ಮಳಿಗೆ ಕೆಂಪ ಆಗತೈತ್ರಿ. ನಿಮ್ಮ ಕಬ್ಬಿಣ ಏನರ ವ್ರತಾ ಹಿಡದೈತೇನ್ರಿ?"

ಮಾಸ್ತರರು ನಿಯಮ ಮುರಿದು ಕಬ್ಬಿಣವನ್ನು ಮುಟ್ಟಿದರು. ಬೆರಳು ಜಾರಿತು. ಮೂಸಿದರು.

"ಎಳ್ಳೆಣ್ಣಿ," ಅಂದರು ಮಾಸ್ತರರು, ಬಹಳ ಸಣ್ಣ ದನಿಯಲ್ಲಿ. ನಂತರ ಜಾಲಿ ಮೂಸಿದರು. "ಕೊಬ್ಬರಿ ಎಣ್ಣಿ." ಸಾಗವಾನಿ ಮೂಸಿದರು. "ಔಡಲೆಣ್ಣಿ!" ಈ ಸಲ ದನಿ ಸಣ್ಣದಿರಲಿಲ್ಲ.

ಗಂಗೂಬಾಯಿ ಸೆರಗಿನ ಚುಂಗು ತಿರುವಿದಳು. "ನೀವು ಕುಂಕುಮ ಬ್ಯಾಡಂದ್ರಿ. ಎಣ್ಣಿ ಬ್ಯಾಡ ಅನ್ನಲಿಲ್ಲ. ಶನಿವಾರ ಶನಿವಾರ ಒಂದೀಟು… ಕಾಣೂಹಾಂಗ ಏನೂ ಇಲ್ಲಲ್ರೀ."

ಮಾಸ್ತರರು ಹೆಂಡತಿಯ ಕಡೆ ತಿರುಗಿದರು. ದುರ್ಗಾ ಚಹಾದ ತಾಟನ್ನು ಎದೆಗೆ ಅಡ್ಡ ಹಿಡಿದುಕೊಂಡಳು. "ಮಳ್ಯಾಗ ನೆನಕೋಂತ ನಿಂತಿದ್ದುವ್ರಿ, ಪಾಪ. ನನ್ನ ತಲಿಗೆ ಹಚ್ಚಿಕೊಂಡ ಕೈ ಹಂಗ ಅವಕ್ಕೂ ಒರಸತಿದ್ನಿ. ವೈನಿ ಹಚ್ಚತಾರಂತ ನನಗೇನ ಗೊತ್ತು?"

"ಔಡಲೆಣ್ಣಿ ಯಾರದು?" ಮಾಸ್ತರರು ಕೇಳಿದರು. ಕೇಳುವ ಅಗತ್ಯವಿರಲಿಲ್ಲ, ಆ ಮನೆಯಲ್ಲಿ ಔಡಲೆಣ್ಣೆ ಬಳಸುವವಳು ಒಬ್ಬಳೇ. "ಆದ್ರ ಅವ್ವ ಹೊಸಲಾ ದಾಟಿಲ್ಲ. ಹಚ್ಚಿದವರ್ಯಾರು?"

ಸಾಕ್ಷಿಗೆಂದು ಬಂದಿದ್ದ ತ್ರ್ಯಂಬಕರಾಯರು ಚಹಾ ಕಪ್ಪಿನೊಳಗೆ ಬಹಳ ಆಸಕ್ತಿಯಿಂದ ನೋಡತೊಡಗಿದರು.

"ರಾಯರ?"

"ಪೇಪರ್ ಓದ್ಲಿಕ್ಕೆ ಬಂದಾಗ ನಿಮ್ಮ ತಾಯಿ ಕೈಯಾಗ ಬಟ್ಟಲಾ ಕೊಡತಿದ್ರು ಮಾಸ್ತರ್," ಅಂದರು ರಾಯರು. "ಹಿರಿಯರ ಮಾತು ಹ್ಯಾಂಗ ಮೀರೂದು? ಚಕ್ಕಡಿ ಕಟ್ಟಿಗಿಗೆ ಎಣ್ಣಿ ಇಲ್ಲಾಂದ್ರ ಜೀವಾ ಹೋಗತದ ಅಂದ್ರು. ಕಟ್ಟಿಗಿಗೆ ಹಚ್ಚಿದ್ಮ್ಯಾಲ ಉಳಿದವರಿಗೆ ಬ್ಯಾಸರ ಆಗಬಾರದಂತ ಐದೂ ಮಂದಿಗೆ ಹಚ್ಚಿದೆ."

"ನನಗ ಹೇಳಲಿಲ್ಲ ನೀವು!" ಗಂಗೂಬಾಯಿ ಗಂಡನ ಮೇಲೆ ತಿರುಗಿದಳು.

"ನೀನೂ ಹೇಳಲಿಲ್ಲಲ್ಲ."

ಕಲ್ಮೇಶ ನಗು ತಡೆಯಲಾರದೆ ಮೋಟಾರ್ ಸೈಕಲಿನ ಹಿಂದೆ ಕೂತುಬಿಟ್ಟ. ಮಾಸ್ತರರಿಗೆ ನಗು ಬರಲಿಲ್ಲ. ಒಂದು ಮಳೆಗಾಲ, ಪೂರ್ತಿ ಒಂದು ಮಳೆಗಾಲ, ಎಣ್ಣೆಯಲ್ಲಿ ಕೊಚ್ಚಿಹೋಗಿತ್ತು. ಐದೂ ಮಂದಿ ತಲೆಗೆರೆದುಕೊಂಡ ಮದುಮಕ್ಕಳ ಹಾಗೆ ನಿಂತಿದ್ದರು. ಯಾವುದು ಗಟ್ಟಿ, ಯಾವುದು ಟೊಳ್ಳು, ಏನೂ ತಿಳಿಯುವಂತಿರಲಿಲ್ಲ.

"ಆತು," ಅಂದರು. "ಮತ್ತ ಮಿರಗಕ್ಕ ಹೊಸಾ ತುಂಡ ನೆಡೂಣು. ಇನ್ನೊಂದ ಮಳಿಗಾಲ."

ಎಲ್ಲರೂ ಹೊಸ್ತಿಲ ಕಡೆ ನೋಡಿದರು. ಕಾಡವ್ವ ಮಣೆಯ ಮೇಲೆ ಕೂತಿದ್ದಳು. ಇಷ್ಟು ದಿನ ನಗೆಯಾಡುತ್ತಲೇ ಇದ್ದ ಮುಖ ಸಣ್ಣದಾಗಿತ್ತು.

"ಲಗಮಾ," ಅಂದಳು. "ಕಬ್ಬಿಣ ಎಷ್ಟ ದಿನ ಬಾಳತೈತಿ, ಕಟಗಿ ಎಷ್ಟ ದಿನ ಬಾಳತೈತಿ ಅಂತ ನೋಡಾಕತ್ತಿ. ನಾ ಎಷ್ಟ ದಿನ ಬಾಳತೇನಿ ಅಂತ ಯಾವ ಕಂಬಾ ನಟ್ಟ ನೋಡಿದಿ ನನ್ನಪ್ಪಾ?"

ಮಾಸ್ತರರು ತಲೆ ತಗ್ಗಿಸಿದರು. ತಗ್ಗಿಸಿದ ಕಣ್ಣು ಕಂಬಗಳ ಬುಡದಲ್ಲಿ ನಿಂತಿತು. ಅಲ್ಲಿ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಮಾಸ್ತರರು ಸಟ್ಟನೆ ತಲೆ ಎತ್ತಿದರು.

"ನೆಲದ ಕೆಳಗ ಯಾರರ ಎಣ್ಣಿ ಹಚ್ಚೀರೇನು?"

"ನೆಲದ ಕೆಳಗ ಹ್ಯಾಂಗ ಹಚ್ಚಲಿಕ್ಕೆ ಬರತದರೀ?" ಅಂದಳು ಗಂಗೂಬಾಯಿ. "ಪಾದಕ್ಕ ಹಚ್ಚಿ ನಮಸ್ಕಾರ ಮಾಡತಿದ್ದೆ. ಅಲ್ಲಿಗೆ ಮುಗೀತು."

"ಯಾರೂ ಇಲ್ಲ? ರಾಯರ, ನೀವು?"

"ಬಗ್ಗಲಿಕ್ಕೆ ಆಗೂದಿಲ್ಲ ಮಾಸ್ತರ್ ನನಗ. ನಡದ ಕೆಳಗ ಹಚ್ಚಿಲ್ಲ."

ಮಾಸ್ತರರ ಮುಖ ಬೆಳಗಿತು. ಒಂದೊಂದು ತುಂಡೂ ಮೊಳದುದ್ದ ನೆಲದಲ್ಲಿದೆ, ಅಲ್ಲಿ ಎಣ್ಣೆಯ ಕೈ ತಲುಪಿಲ್ಲ, ಮಳೆಯ ನೀರು ತಲುಪಿದೆ. ಪ್ರಯೋಗ ಸತ್ತಿಲ್ಲ, ಮಣ್ಣಿನಲ್ಲಿ ಉಸಿರಾಡುತ್ತಿದೆ! "ದುರ್ಗಾ, ಹಾರಿ ತಾ," ಅಂದರು. ದುರ್ಗಾ ಓಡಿದಳು. ಆದರೆ ಗಂಗೂಬಾಯಿ ಕಂಬಗಳ ಮುಂದೆ ಕೈ ಅಗಲಿಸಿ ನಿಂತಳು.

"ಹಾಂಗ ಕೀಳಬಾರದ್ರೀ! ಇಷ್ಟು ದಿನ ಎಣ್ಣಿ ನೀರು ಕಂಡ ದೇವರು. ಬೀಳ್ಕೊಟ್ಟು ಕಳಿಸಬೇಕು."

ಮಾಸ್ತರರು ಬಾಯಿ ತೆರೆದರು. ಇದು ದೇವರಲ್ಲ, ತುಂಡು ಅನ್ನಬೇಕೆಂದಿದ್ದರು. ಹೊಸ್ತಿಲಲ್ಲಿ ಕತ್ತು ಚಾಚಿದ್ದ ತಾಯಿಯ ಮುಖ ನೋಡಿದರು. ಬಾಯಿ ಮುಚ್ಚಿದರು. "ಲಗೂನ ಬೀಳ್ಕೊಡ್ರಿ ಹಂಗಾರ," ಅಂದರು.

ದುರ್ಗಾ ಗಡಬಡಿಸಿ ರವೆಯ ಸಜ್ಜಕ ಮಾಡಿದಳು. ತುಪ್ಪದ ವಾಸನೆಗೆ ಅಕ್ಕಪಕ್ಕದವರೂ ಬಂದರು. ಗಂಗೂಬಾಯಿ ತಡೆದಿಟ್ಟುಕೊಂಡಿದ್ದ ಕುಂಕುಮವನ್ನೆಲ್ಲ ಒಂದೇ ಸಲ ಹಚ್ಚಿದಳು. ಮಾಸ್ತರರು ಕೈ ಮುಗಿಯಲಿಲ್ಲ, ಹಾರೆ ಹಿಡಿದುಕೊಂಡು ಸುಮ್ಮನೆ ನಿಂತರು. ಆದರೆ ಚಪ್ಪಲಿ ಬಿಟ್ಟಿದ್ದರು. ಕಾಡವ್ವ ಹೊಸ್ತಿಲ ಒಳಗಿನಿಂದಲೇ ಪದ ಎತ್ತಿದಳು. ಎಲ್ಲಿಂದಲೋ ಕಲಿತದ್ದಲ್ಲ, ಆಗಲೇ ಕಟ್ಟಿದ್ದು:

ಮಳಿಯಾಗ ನಿಂತೀರಿ, ಬಿಸಲಾಗ ನಿಂತೀರಿ,
ಹೊರಗ ನಿಂತವರ ಸುಖ ಕೇಳ, ನನ ಕಂದಾ,
ಒಳಗ ಕುಂತಾಕಿನ ಕೇಳಬ್ಯಾಡ.

ಬೀದಿಯ ಹೆಂಗಸರು ಸೊಲ್ಲು ಎತ್ತಿಕೊಂಡರು. ಹಾರೆ ಹಾಕುತ್ತಿದ್ದ ಮಾಸ್ತರರ ಕಣ್ಣು ತೇವಗೊಂಡಿತು. ಹೊರಗೆ ಮಾತ್ರ "ನನಗ ಬೈಯಾಕ ಹೊಸಾ ಪದಾ ಬ್ಯಾರೆ" ಅಂದರು.

ಐವರೂ ಮೇಲೆ ಬಂದರು. ಮಣ್ಣು ಕೊಡವಿ ನೋಡಿದರೆ, ಮೊಮ್ಮಗನ ಮದುವೆಯವರೆಗೆ ಬಾಳಬೇಕಿದ್ದ ಸಾಗವಾನಿಯ ಬಿಳಿಯ ಭಾಗವನ್ನು ಗೆದ್ದಲು ತಿಂದು ಹಲ್ಲುಜ್ಜಿಕೊಂಡಿತ್ತು. ಕಬ್ಬಿಣ ಪದರು ಪದರಾಗಿ ಉದುರಿತು. ಜಾಲಿಯ ಮೇಲಿನ ಸಿಪ್ಪೆಯ ಭಾಗ ಮೆತ್ತಗಾಗಿತ್ತು, ಒಳಗಿನ ಕೆಂಪು ಚೇಗು ಮಾತ್ರ ಹಾರೆಗೆ ಠಣ್ ಅಂದಿತು. ಸ್ಟೀಲಿಗೆ ಏನೂ ಆಗಿರಲಿಲ್ಲ. ಕಲ್ಲು ಕಲ್ಲಾಗಿಯೇ ಇತ್ತು.

"ನಾ ಹೇಳಿರಲಿಲ್ಲೇನ್ರಿ ಸರ್? ಸ್ಟೀಲ್!" ಅಂದ ಕಲ್ಮೇಶ, ಸಜ್ಜಕದ ಬಾಯಿಯಲ್ಲಿ.

"ಅವ್ವನ ಕೈಯಾಗ ಕೊಡ," ಅಂದರು ಮಾಸ್ತರರು.

ಪಡುವಣ ಬಿಸಿಲಿನಲ್ಲಿ ಅಷ್ಟು ಹೊತ್ತು ನಿಂತಿದ್ದ ಸ್ಟೀಲಿನ ಮೇಲೆ ಕಾಡವ್ವ ಕೈಯಿಟ್ಟಳೋ ಇಲ್ಲವೋ, ಝಾಡಿಸಿ ತೆಗೆದಳು. "ಏನೋ ಕಲ್ಮ್ಯಾ, ಆತಕೊಳ್ಳಾಕ ಕೊಡತಿ ಏನ ರೊಟ್ಟಿ ಬೇಸಾಕ ಕೊಡತಿ?" ಅನಂತರ ಜಾಲಿಯ ತುಂಡನ್ನು ಹಿಡಿದಳು. ಅದೇ ಬಿಸಿಲಿನಲ್ಲಿ ನಿಂತದ್ದೇ ಅದೂ. ಕೈ ತೆಗೆಯಲಿಲ್ಲ. ಗಂಟುಗಳ ಮೇಲೆ ಬೆರಳು ಆಡಿಸುತ್ತ ಕೂತಳು. "ಇದು ಸಾಲಹಳ್ಳಿದು," ಅಂದಳು. ಯಾರೂ ಹೇಳಿರಲಿಲ್ಲ.

ಅಲ್ಲಿಗೆ ತೀರ್ಮಾನ ತಾನಾಗಿ ಬಂತು. ಮಣ್ಣು ಮುಟ್ಟುವ ಜಾಗಕ್ಕೆ ಕಲ್ಲು. ಅದರ ಮೇಲೆ ನೀರು ನಿಂತರೂ ಅಷ್ಟೇ, ಹರಿದರೂ ಅಷ್ಟೇ. ಕಲ್ಲುಕಂಬಗಳ ನಡುವೆ ಕಬ್ಬಿಣದ ಸರಳು, ನೆಲಕ್ಕೆ ಎಲ್ಲೂ ತಾಗದಂತೆ, ಎರಡು ಸಲ ಬಣ್ಣ ಕುಡಿಸಿ. ಕೈ ಇಡುವ ಮೇಲಿನ ಪಟ್ಟಿಗೆ ಜಾಲಿಯ ಚೇಗು, ಎತ್ತಿನ ಬೆನ್ನಿನಂತೆ ದುಂಡಗೆ, ಮಳೆನೀರು ಒಂದು ಹನಿಯೂ ಕೂರದೆ ಜಾರಿಹೋಗುವಂತೆ. ತುದಿಗಳಿಗೆ ಅರಗು. "ಸ್ಟೀಲ್ ಬೋಲ್ಟ್ ಆದ್ರೂ ಹಾಕ್ರಿ ಸರ್, ನನ್ನ ಮರ್ಯಾದಿಗೆ," ಅಂದ ಕಲ್ಮೇಶ. ಅದಕ್ಕೆ ಮಾಸ್ತರರು ಒಪ್ಪಿದರು.

ಎತ್ತರದ ಬಗ್ಗೆ ಮಾತ್ರ ಒಂದು ದಿನ ಜಗಳವಾಯಿತು. ಮಾಸ್ತರರು ನಿಂತವರ ಎದೆಗೆ ಬರಬೇಕೆಂದರು. "ಹಂಗಾರ ಜೇಲ್ ಕಟ್ಟಸ," ಅಂದಳು ಕಾಡವ್ವ. "ಕುಂತಾಗ ನನ್ನ ಮಾರಿ ಮಂದಿಗೆ ಕಾಣಬೇಕು, ಮಂದಿ ಮಾರಿ ನನಗ ಕಾಣಬೇಕು." ಕೊನೆಗೆ ಅವಳನ್ನು ಹೊಸ್ತಿಲಲ್ಲಿ ಮಣೆಯ ಮೇಲೆ ಕೂರಿಸಿ, ಕಲ್ಮೇಶ ನೆಲದಿಂದ ಅವಳ ಗದ್ದದವರೆಗೆ ದಾರ ಹಿಡಿದ. ಜಾಲಿಯ ಪಟ್ಟಿ ಗದ್ದಕ್ಕಿಂತ ನಾಲ್ಕು ಬೆರಳು ಕೆಳಗೆ, ಸರಳುಗಳ ನಡುವೆ ಮಗುವಿನ ತಲೆಯೂ ತೂರದಷ್ಟು ಸಂದು. ಅಂಚಿನಲ್ಲಿ ನಿಲ್ಲುವವರಿಗಾಗಿ ಅದರ ಮೇಲೆ ಇನ್ನೊಂದು ಸಣ್ಣ ಸರಳು. ತಾಯಿಯ ದೃಷ್ಟಿಗೆ ಅಡ್ಡ ಬರದೆ, ಮಗನ ಭಯಕ್ಕೂ ಜಾಗ ಸಿಕ್ಕಿತು.

ಕಲ್ಲು ಬಂತು. ಮುದಕಪ್ಪ ಹಳೆಯ ಚಕ್ಕಡಿಯೊಂದನ್ನು ಬಿಚ್ಚಿ, ಅದರ ಉದ್ದನೆಯ ಜಾಲಿಮರವನ್ನು ಕೆತ್ತಿ ತಾನೇ ಟೆಂಪೋದಲ್ಲಿ ತಂದ. ಬೀದಿಯಲ್ಲಿ ಹಬ್ಬವೇ ಆಯಿತು. ಕಲ್ಲು ನಿಲ್ಲಿಸುವಾಗ ರಾಯರು ನೂಲು ಹಿಡಿದರು, ಗಂಗೂಬಾಯಿ ಗಾರೆಗೆ ನೀರು ಹಾಕಿದಳು, ದುರ್ಗಾ ಎಲ್ಲರಿಗೂ ಅವಲಕ್ಕಿ ಹಚ್ಚಿದಳು. ಕಾಡವ್ವ ಒಳಗಿನಿಂದ ಎಲ್ಲರಿಗೂ ಕೆಲಸ ಹೇಳಿದಳು. ಹೇಳದಿದ್ದರೆ ಒಂದು ದಿನ ಮೊದಲೇ ಮುಗಿಯುತ್ತಿತ್ತೆಂದು ಕಲ್ಮೇಶನ ಅಂಬೋಣ.

ಎಲ್ಲ ನಿಂತ ಮೇಲೆ ಮಾಸ್ತರರು ಕಟ್ಟಪ್ಪಣೆ ಮಾಡಿದರು: ಸಿಮೆಂಟು ಹಸಿಯಿದೆ, ನೀರು ಕುಡಿದು ಗಟ್ಟಿಯಾಗಬೇಕು, ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ, ಆತುಕೊಳ್ಳುವಂತಿಲ್ಲ. ತಾವೇ ಬೆಳಿಗ್ಗೆ ಸಂಜೆ ಕೊಡ ಹಿಡಿದು ಕಂಬದ ಬುಡಕ್ಕೆ ನೀರು ಹಾಕಿದರು. ಮೂರನೆಯ ದಿನ, ಕಡಿಮೆ ಬಿದ್ದ ಎರಡು ಬೋಲ್ಟು ತರಲು ಬೈಲಹೊಂಗಲದ ಬಸ್ಸು ಹತ್ತಿದರು.

ಸಂಜೆ ಬಸ್ಸಿಳಿದು ಬೀದಿಯ ತಿರುವಿಗೆ ಬರುವಷ್ಟರಲ್ಲೇ ನಗೆ ಕೇಳಿಸಿತು. ಹೆಜ್ಜೆ ಚುರುಕು ಮಾಡಿದರು. ಕಟ್ಟೆಯ ಮೇಲೆ ಮಡಿಚಿದ ಕಂಬಳಿ; ಕಂಬಳಿಯ ಮೇಲೆ ಕಾಡವ್ವ. ಎಡಗೈ ಜಾಲಿಯ ಪಟ್ಟಿಯ ಮೇಲೆ, ಬಲಗೈ ಸೊಪ್ಪಿನ ಬುಟ್ಟಿಯವಳ ಕಡೆ ಚಾಚಿ, ಮೆಂತ್ಯದ ಕಟ್ಟು ಇಷ್ಟು ಸಣ್ಣದಾದದ್ದು ಯಾರ ಕಾಲದಲ್ಲಿ ಎಂದು ವಿಚಾರಣೆ ನಡೆಸಿದ್ದಳು. ಪಕ್ಕದಲ್ಲಿ ಗಂಗೂಬಾಯಿ, ಮೆಟ್ಟಿಲಲ್ಲಿ ದುರ್ಗಾ, ಆಚೆ ತುದಿಯ ಕಂಬಕ್ಕೆ ಬೆನ್ನುಕೊಟ್ಟು ಪೇಪರ್ ಹಿಡಿದ ರಾಯರು. ಬೀದಿಯ ಮಕ್ಕಳೆಲ್ಲ ಸರಳುಗಳ ಸಂದಿಯಲ್ಲಿ ಮುಖ ಇಟ್ಟಿದ್ದರು. ಪಡುವಣದ ಬೆಳಕು ಮುದುಕಿಯ ಮುಖದ ಒಂದೊಂದು ಗೆರೆಯಲ್ಲೂ ಇಳಿದು ಕೂತಿತ್ತು.

"ಅವ್ವಾ!" ಮಾಸ್ತರರು ಓಡಿಬಂದು ಮೊದಲನೆಯ ಕಂಬ ಹಿಡಿದು ಅಲ್ಲಾಡಿಸಿದರು. ಅಲ್ಲಾಡಲಿಲ್ಲ. ಎರಡನೆಯದು, ಮೂರನೆಯದು, ರಾಯರು ಆತುಕೊಂಡಿದ್ದದ್ದು. ಯಾವುದೂ ಕೂದಲೆಳೆಯಷ್ಟು ಸರಿಯಲಿಲ್ಲ.

"ಏನೋ ಅದು, ದನಾ ಕೊಳ್ಳಾವರಂಗ?" ಅಂದಳು ಕಾಡವ್ವ. "ನನ್ನ ಲಕ್ಷ್ಯ ತಪ್ಪತೈತಿ, ಬಿಡ."

"ಯಾರ ಬಿಟ್ರು ಆಕಿನ್ನ ಹೊರಗ?" ಮಾಸ್ತರರು ಎಲ್ಲರನ್ನೂ ನೋಡಿದರು. ರಾಯರು ಪೇಪರ್ ಮೇಲೆತ್ತಿ ಮುಖ ಮುಚ್ಚಿಕೊಂಡರು. ದುರ್ಗಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗು ಕಣ್ಣಲ್ಲಿ ಹೊರಟಿತು.

ಇಷ್ಟು ತಿಂಗಳ ಮೇಲೆ ತಾಯಿಯ ಮುಖ ಪೂರ್ತಿ ಬೆಳಕಿನಲ್ಲಿ ಕಾಣುತ್ತಿತ್ತು. ಮಾಸ್ತರರು ಮೆಟ್ಟಿಲ ಮೇಲೆ ಕುಕ್ಕರಿಸಿ, ಬೋಲ್ಟಿನ ಪುಡಿಕೆ ಕೈಯಲ್ಲಿ ಹಿಡಿದುಕೊಂಡು, ಚಿಕ್ಕ ಮಗುವಿಗೆ ಹೇಳುವಂತೆ ಮೆಲ್ಲಗೆ ಹೇಳಿದರು:

"ಅವ್ವಾ, ಗಟ್ಟಿ ಐತಿ, ಒಪ್ಪತೇನಿ. ಆದ್ರ ಸಿಮೆಂಟ್ ಇನ್ನಾ ಎಳೇದು. ನಾಕ ದಿನ, ನಾಕ ದಿನ ಅಷ್ಟ, ನೀರ ಕುಡೀಲಿ. ಆಮ್ಯಾಲ ನಾನ ಕಂಬಳಿ ಹಾಸಿ ಕುಂಡ್ರಸತೇನಿ. ಈಗ ಒಳಗ ಬಾರವ್ವಾ. ನನ್ನ ಮಾತ ಕೇಳ."

ಕಾಡವ್ವ ಮಗನ ಕಡೆ ತಿರುಗಿಯೂ ನೋಡಲಿಲ್ಲ. ಬೀದಿಯ ತುದಿಯಲ್ಲಿ ಯಾರೋ ಬರುತ್ತಿದ್ದರು. ಕಣ್ಣಿಗೆ ಕೈ ಮರೆಮಾಡಿ ಅವರು ಯಾರೆಂದು ಗುರುತು ಹಿಡಿಯುತ್ತಲೇ ಅಂದಳು:

"ಒಲ್ಲೆ."